ನೀಲಿ ಗಾಡಿಯ ಟೀಚರ್

ಈಚೆಗೆ ಹೊಸನಗರದಲ್ಲಿ ಅಂಗನವಾಡಿ ಟೀಚರೊಬ್ಬರ ಬೀಳ್ಕೊಡುಗೆ ನಡೆಯಿತು. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟ ಮೇಲೆ ಮಾತಾಡಿದವರೆಲ್ಲ ಅವರನ್ನು ಸಹನಾಮೂರ್ತಿ ಎಂದರು. ಒಬ್ಬರಂತೂ, ‘ಯಾರೇ ನೋಯಿಸಲಿ, ಮಾರನೇ ದಿನ ಮರೆತು ನಗುವಂಥ ದೊಡ್ಡ ಮನಸ್ಸು’ ಎಂದು ಹೇಳಿ ಕಣ್ಣೊರೆಸಿಕೊಂಡರು. ವೇದಿಕೆಯ ಮೇಲಿದ್ದ ಟೀಚರ್ ಹಿಂದಿನ ಸಾಲಿನಲ್ಲಿದ್ದ ನನ್ನ ಕಡೆ ಒಮ್ಮೆ ನೋಡಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಒಂದೇ ಗೋಡೆಯ ಆಚೆ ಅವರು, ಈಚೆ ನಾನು. ಹಾಗೆ ಬಹಳ ವರ್ಷ ಬದುಕಿದ್ದೇವೆ. ಅವರು ಯಾರನ್ನಾದರೂ ಕ್ಷಮಿಸಿದ್ದನ್ನು ನಾನು ನೋಡಿಲ್ಲ. ಈಗ ಅವರು ಮನೆ ಖಾಲಿ ಮಾಡಿ ತೀರ್ಥಹಳ್ಳಿ ಕಡೆ, ತವರೂರು ಮೇಳಿಗೆಗೆ ಹೋಗಿದ್ದಾರೆ. ಅವರ ಬಗ್ಗೆ ಊರು ಇನ್ನಷ್ಟು ಸುಳ್ಳು ಹೇಳುವ ಮೊದಲು ನಾನು ಕಂಡದ್ದನ್ನು ಬರೆದುಬಿಡಬೇಕು ಅನ್ನಿಸಿತು. ಅವರ ಹೆಸರು ಬರೆಯುವುದಿಲ್ಲ. ಊರಿಗೆಲ್ಲ ಅವರು ಟೀಚರ್, ನನಗೂ ಅಷ್ಟೇ.

ಅವರ ಅಂಗನವಾಡಿ ಪೇಟೆಯಿಂದಾಚೆಯ ಹಳ್ಳಿಯಲ್ಲಿತ್ತು. ಬಸ್ಸು ಇಳಿದು ಸಾಕಷ್ಟು ದೂರ ನಡೆಯಬೇಕು. ಮಕ್ಕಳೆಂದರೆ ಅವರಿಗೆ ಜೀವ. ಮೂಗು ಸೋರುವ ಮಗುವನ್ನು ಸೊಂಟದಲ್ಲೇ ಕೂರಿಸಿಕೊಂಡು ಉಪ್ಪಿಟ್ಟು ಕೆದಕುತ್ತಿದ್ದರು. ಆದರೆ ದೊಡ್ಡವರ ವಿಷಯ ಬೇರೆ. ಪಂಚಾಯ್ತಿಯ ಸದಸ್ಯನೊಬ್ಬ ಒಮ್ಮೆ ಸಭೆಯಲ್ಲಿ, ಮಕ್ಕಳಿಗೆ ಬಂದ ಮೊಟ್ಟೆ ಟೀಚರ ಮನೆಗೆ ಹೋಗುತ್ತದೆ ಎಂದಿದ್ದ. ವಿಚಾರಣೆಯಾಗಿ ಸುಳ್ಳೆಂದು ಗೊತ್ತಾಯಿತು. ಅವನು ಬಂದು, ‘ತಪ್ಪಾತು ಟೀಚರ್, ಮರ್ತುಬಿಡಿ’ ಅಂದ. ಟೀಚರ್ ನಕ್ಕರು. ಆಮೇಲೆ ಅವನು ಧ್ವಜಾರೋಹಣಕ್ಕೆ ಬಂದಾಗಲೆಲ್ಲ ಮಕ್ಕಳ ಕೈಲಿ ಇದ್ದಬದ್ದ ಹಾಡೆಲ್ಲ ಹೇಳಿಸುತ್ತಿದ್ದರು. ಅವನು ಬಿಸಿಲಲ್ಲಿ ಬೆವರು ಸುರಿಸುತ್ತ ನಿಂತಿರಬೇಕು. ಕೊನೆಗೆ ಕೊಡುತ್ತಿದ್ದ ಚಹಾಕ್ಕೆ ಸಕ್ಕರೆ ಇರುತ್ತಿರಲಿಲ್ಲ. ‘ಸಕ್ರೆ ಮಕ್ಳದ್ದು ಸಾರ್. ನಿಮಗೆ ಹಾಕಿದ್ರೆ ನಾಳೆ ಅದಕ್ಕೂ ಸಭೆ ಆಗ್ತದೆ.’

ಅದೇ ಸದಸ್ಯನ ಮೊಮ್ಮಗಳು ಅದೇ ಅಂಗನವಾಡಿಯಲ್ಲಿದ್ದಳು. ಆ ಮಗುವಿನ ಜಡೆಯನ್ನು ಟೀಚರ್ ತಾವೇ ಹೆಣೆಯುತ್ತಿದ್ದರು. ‘ಅವಳ ಅಜ್ಜ ಅಷ್ಟು ಮಾಡಿದಾನಲ್ಲ’ ಎಂದು ನಾನು ಕೇಳಿದ್ದಕ್ಕೆ, ‘ಅಜ್ಜಂದು ಅಜ್ಜನ ಹತ್ರ. ಕೂಸು ಎಂತ ಮಾಡಿದೆ?’ ಅಂದರು. ಎಂಥ ಸಿಟ್ಟನ್ನೂ ಅವರು ತಪ್ಪು ವಿಳಾಸಕ್ಕೆ ಕಳಿಸಿದವರಲ್ಲ.

ಅವರ ಅತಿ ದೊಡ್ಡ ಸಿಟ್ಟಿನ ವಿಳಾಸ ಸಾಗರದಲ್ಲಿತ್ತು. ಅಲ್ಲಿ ಅವರ ಗಂಡ ಇನ್ನೊಬ್ಬ ಹೆಂಗಸಿನ ಜೊತೆ ಇದ್ದ. ಟೀಚರ್ ಅವನನ್ನು ಬೈಯುವಾಗಲೂ ‘ಅವ್ರು’ ಎನ್ನುತ್ತಿದ್ದರು. ಮದುವೆಯಾದ ದಿನದಿಂದ ಅಂಟಿದ ಬಹುವಚನ ಬಿಡಿಸಿಕೊಳ್ಳಲು ಅವರಿಗೆ ಆಗಿರಲಿಲ್ಲ. ನನಗೆ ಆ ಕಷ್ಟವಿಲ್ಲ. ನಾನು ಅವನನ್ನು ಏಕವಚನದಲ್ಲೇ ಬರೆಯುತ್ತೇನೆ.

ಅವನು ವಿಮೆ ಏಜೆಂಟ್. ಇಸ್ತ್ರಿ ಅಂಗಿ, ಕಪ್ಪು ಕನ್ನಡಕ, ಮೆರೂನ್ ಬಣ್ಣದ ಮೋಟಾರ್ ಸೈಕಲ್. ಎರಡು ಸೈಲೆನ್ಸರಿನ ಹಳೇ ಕಾಲದ ಗಾಡಿ. ಕಿಕ್ ಹೊಡೆಯುವ ಕೋಲನ್ನೇ ಮಡಚಿದರೆ ಗೇರ್ ಆಗುವಂಥದ್ದು. ಅದನ್ನು ಕೊಡಿಸಿದ್ದು ಟೀಚರ ಅಪ್ಪ. ಮೇಳಿಗೆಯಲ್ಲಿ ಗದ್ದೆ ಮಾಡಿಕೊಂಡಿದ್ದ ಅವರು, ಅಳಿಯ ಹಟ ಹಿಡಿದ ಅಂತ ಎತ್ತಿನ ಜೋಡಿ ಮಾರಿ, ಯಾರೋ ಓಡಿಸಿದ್ದ ಗಾಡಿಯನ್ನು ತಮ್ಮ ಹೆಸರಿಗೇ ಕೊಂಡು ಅವನ ಕೈಗೆ ಕೊಟ್ಟಿದ್ದರು. ‘ಅಪ್ಪನ ಎತ್ತಿನ ಮೇಲೆ ಕೂತ್ಕಂಡು ತಿರುಗ್ತಿದ್ರು ಅವ್ರು’ ಎಂದು ಟೀಚರ್ ಹೇಳುತ್ತಿದ್ದರು. ಪ್ರತಿ ಭಾನುವಾರ ಗಾಡಿ ತೊಳೆಯುವ ಕೆಲಸ ಇವರದ್ದು. ಚಕ್ರದ ಕಡ್ಡಿಕಡ್ಡಿಯನ್ನೂ ಒರೆಸಬೇಕು. ಕೀ ಮಾತ್ರ ಮುಟ್ಟುವಂತಿಲ್ಲ. ಒಂದು ಸಲ ಸ್ನೇಹಿತರೆಲ್ಲ ಜಗಲಿಯಲ್ಲಿ ಕೂತಿದ್ದಾಗ ಇವರು ಸಲಿಗೆಯಿಂದ, ‘ನಂಗೂ ಕಲ್ಸಿ’ ಅಂದರಂತೆ. ‘ಇವಳಿಗೆ ಮಿಕ್ಸಿ ಸ್ವಿಚ್ ಹಾಕೋಕೇ ಕೈ ನಡುಗ್ತದೆ’ ಎಂದ ಅವನು. ಕೂತಿದ್ದವರೆಲ್ಲ ನಕ್ಕರು. ಯಾರ‍್ಯಾರು ನಕ್ಕರು ಎನ್ನುವುದು ಟೀಚರಿಗೆ ಈಗಲೂ ನೆನಪಿದೆ. ಅವರಲ್ಲೊಬ್ಬನ ಮಗಳ ಮದುವೆಗೆ ಕರೆದಾಗ, ಹೋಗಿ ಊಟ ಮಾಡದೆ ಬಂದಿದ್ದರು.

ತಂಗಿಯ ಮದುವೆಗೆ ಮೇಳಿಗೆಗೆ ಹೊರಟಿದ್ದ ದಿನದ್ದು ಇನ್ನೊಂದು ಕಥೆ. ಕವಲೇದುರ್ಗದ ಕೆಳಗಿನ ಒಂದು ಏರಿನಲ್ಲಿ ಗಾಡಿ ಏದುಸಿರು ಬಿಟ್ಟಿತು. ‘ಇಂಜಿನ್‌ಗೆ ತ್ರಾಸ ಆಗ್ತದೆ, ಇಳಿ’ ಎಂದು ಅವನು ಕಂಕುಳಲ್ಲಿ ಮಗುವಿದ್ದ ಹೆಂಡತಿಯನ್ನು ಇಳಿಸಿದ. ಏರು ಹತ್ತಿದ ಮೇಲೆ ಕಾಯಬೇಕಾದವನು ಕಾಯಲಿಲ್ಲ. ರೇಷ್ಮೆ ಸೀರೆಯಲ್ಲಿ ಮಗು ಎತ್ತಿಕೊಂಡು ನಡೆದು, ದಾರಿಯಲ್ಲಿ ಸಿಕ್ಕ ಯಾರದೋ ಜೀಪು ಹತ್ತಿ ಟೀಚರ್ ತವರು ತಲುಪಿದಾಗ ಧಾರೆ ಮುಗಿದಿತ್ತು. ಗಂಡ ಊಟದ ಮೊದಲ ಪಂಕ್ತಿಯಲ್ಲಿದ್ದ. ‘ಬಡಿಸೋರ ಕೈಯಿಂದ ಹೋಳಿಗೆ ಬುಟ್ಟಿ ಇಸ್ಕಂಡೆ. ಎಲ್ರಿಗೂ ಬಡಿಸ್ತಾ ಬಂದೆ. ಅವ್ರ ಎಲೆ ದಾಟಿ ಮುಂದೆ ಹೋದೆ. ಅವ್ರು ಕೈ ಒಡ್ಡಿದ್ದು ಒಡ್ಡಿದಂಗೇ ಇತ್ತು’ ಎಂದು ಹೇಳುವಾಗ ಟೀಚರ ಮುಖದಲ್ಲಿ ಹಬ್ಬದ ಕಳೆ ಇರುತ್ತಿತ್ತು.

ಅವನು ಬಿಟ್ಟುಹೋದ ದಿನ ನಾನು ಗೋಡೆಯ ಈಚೆಯೇ ಇದ್ದೆ. ಇಂಜಿನ್ ಸೀಜ್ ಆಗಿ, ಪಿಸ್ಟನ್ ಕಚ್ಚಿಕೊಂಡು, ಗಾಡಿ ಅಂಗಳದಲ್ಲಿ ನಿಂತುಬಿಟ್ಟಿತ್ತು. ಟಿ.ವಿ., ಮಂಚ, ಗೋಡೆ ಗಡಿಯಾರ ಎಲ್ಲ ಗೂಡ್ಸ್ ಆಟೊಗೆ ಹೇರಿಸಿದ ಮೇಲೆ ಅವನು ಗಾಡಿಯ ಸೀಟಿಗೊಮ್ಮೆ ತಟ್ಟಿ ಹೇಳಿದ: ‘ಇದೂ ಓಡಲ್ಲ, ನೀನೂ ಓಡಲ್ಲ. ಇಬ್ರೂ ಇಲ್ಲೇ ಬಿದ್ದಿರಿ.’

ಟೀಚರ್ ಅಳಲಿಲ್ಲ. ಅಂದು ಸಂಜೆ ಪಾತ್ರೆ ತೊಳೆದ ಮುಸುರೆ ನೀರನ್ನು ತಂದು ಗಾಡಿಯ ಟ್ಯಾಂಕಿನ ಮೇಲೆ ಸುರಿದರು. ಮರುದಿನವೂ ಸುರಿದರು. ಅದು ದಿನದ ರೂಢಿಯೇ ಆಯಿತು. ಗಾಡಿ ಸೂರಿನ ಹನಿ ಬೀಳುವ ಜಾಗಕ್ಕೆ ಹೋಯಿತು. ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತು. ಹೆಡ್‌ಲೈಟಿನೊಳಗೆ ಕಣಜ ಗೂಡು ಕಟ್ಟಿತು. ಹ್ಯಾಂಡಲಿಗೆ ನೆಲ ಒರೆಸುವ ಬಟ್ಟೆ ಒಣಗುತ್ತಿತ್ತು. ತುಕ್ಕು ಹಿಡಿದು ಅದು ಹಿಡಿಹಿಡಿಯಾಗಿ ಉದುರುವುದನ್ನು ನೋಡಲು ಟೀಚರ್ ಬೆಳಿಗ್ಗೆ ಚಹಾ ಲೋಟ ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮಗಳು ಸ್ಮಿತಾ ಓದಿ, ನರ್ಸ್ ಆಗಿ ಶಿವಮೊಗ್ಗಕ್ಕೆ ಹೋಗುವವರೆಗೂ ಗಾಡಿ ಹೀಗೆಯೇ ಶಿಕ್ಷೆ ಅನುಭವಿಸುತ್ತಿತ್ತು.

ಆಮೇಲೆ ಒಂದು ಭಾನುವಾರ ಸಾಗರದಿಂದ ದಲ್ಲಾಳಿಯೊಬ್ಬ ಗೂಡ್ಸ್ ಆಟೊ, ಹಗ್ಗ ಸಮೇತ ಬಂದ. ಹಳೇ ಗಾಡಿಗಳಿಗೆ ಈಗ ಎಲ್ಲಿಲ್ಲದ ಬೇಡಿಕೆ, ಟೀಚರ ಗಂಡ ಮಾತಾಡಿ ಮುಗಿಸಿದ್ದಾರೆ, ಎತ್ತಿಕೊಂಡು ಹೋಗುವುದಷ್ಟೇ ಬಾಕಿ ಎಂದ. ಟೀಚರ್ ಅವನಿಗೆ ಕುಡಿಯಲು ಮಜ್ಜಿಗೆ ಕೊಟ್ಟರು.

‘ಅವ್ರು ನನ್ನ ವಿಷ್ಯ ಎಂತಾರೂ ಹೇಳಿದ್ರಾ?’

ದಲ್ಲಾಳಿ ಪಾಪದ ಮನುಷ್ಯ. ‘ಎಂತ ಇಲ್ಲಮ್ಮ. ಅಲ್ಲೊಬ್ಳು ಇದಾಳೆ, ಗಲಾಟೆ ಮಾಡಲ್ಲ, ಅವಳಿಗೆ ಅದು ಗುಜರಿ ಅಷ್ಟೇ ಅಂದ್ರು’ ಎಂದುಬಿಟ್ಟ.

ಟೀಚರ್ ಲೋಟ ಇಸಿದುಕೊಂಡರು. ‘ಗಾಡಿ ನಮ್ಮಪ್ಪಂದು. ಅವ್ರಿಗೆ ಹೋಗಿ ಹೇಳಿ, ನೋಡ್ಬೇಕು ಅಂತಿದ್ರೆ ನಾನೇ ತರ್ತೀನಿ ಅಂತ. ಆಟೊದಲ್ಲಲ್ಲ. ಓಡಿಸ್ಕಂಡು.’

ದಲ್ಲಾಳಿ ನಕ್ಕ. ಅವನನ್ನೂ ಟೀಚರ್ ಮರೆತಿಲ್ಲ.

ಅಂಗನವಾಡಿಯ ಗೌರವಧನದಲ್ಲಿ ಮನೆ ನಡೆಸುವುದೇ ಬಿಗಿ. ಬಸ್‌ಸ್ಟ್ಯಾಂಡ್ ಹಿಂದಿನ ಮೆಕ್ಯಾನಿಕ್ ಬಂದು ಗಾಡಿ ಸುತ್ತ ಒಂದು ಸುತ್ತು ಹಾಕಿ, ‘ಟೀಚರ್, ಇದಕ್ಕೆ ಹಾಕೋ ಖರ್ಚಲ್ಲಿ ಹೊಸದೇ ಒಂದು ಸ್ಕೂಟಿ ಬರ್ತದೆ’ ಎಂದರು. ‘ಸ್ಕೂಟಿ ಯಾರಿಗೆ ಬೇಕು?’ ಎಂದು ಟೀಚರ್ ಅವರನ್ನೇ ಗದರಿದರು. ಕೊನೆಗೆ, ಬಿಚ್ಚುವುದು, ಉಜ್ಜುವುದು, ತೊಳೆಯುವುದು ಎಲ್ಲ ಟೀಚರ್ ಮಾಡಬೇಕು, ಕೈ ಮೀರಿದ್ದನ್ನು ಮಾತ್ರ ಅಂಗಡಿಗೆ ತರಬೇಕು ಎಂಬ ಒಪ್ಪಂದವಾಯಿತು.

ಮೊದಲು ಕಚ್ಚಿದ ಪಿಸ್ಟನ್ ಬಿಡಿಸಬೇಕಿತ್ತು. ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ಲು, ಹಳೇ ಆಯಿಲ್ಲು ಬೆರೆಸಿ ಸುರಿದು ನೆನೆಯಲು ಬಿಟ್ಟರು. ದಿನಾ ಅಂಗನವಾಡಿಗೆ ಹೊರಡುವ ಮೊದಲು ಕಿಕ್ ಕೋಲಿನ ಮೇಲೆ ಕೈಯೂರಿ ಒತ್ತಿ ನೋಡುವುದು, ಅಲುಗದಿದ್ದರೆ ಇನ್ನೊಂದಿಷ್ಟು ಸುರಿಯುವುದು. ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ‘ಹಂದಿತು! ಹಂದಿತು!’ ಎಂದು ಕೂಗಿದ್ದು ಕೇಳಿ ನಾನು ಹಿಟ್ಟಿನ ಕೈಯಲ್ಲೇ ಓಡಿಹೋಗಿದ್ದೆ. ಕೋಲು ಕೊನೆಗೂ ಅಲುಗಿ ಒಂದು ಬೆರಳಿನಷ್ಟು ಕೆಳಗಿಳಿದಿತ್ತು. ಟೀಚರ್ ಅದರ ಮುಂದೆ ಸೊಂಟಕ್ಕೆ ಕೈಕೊಟ್ಟು, ಜಗಳ ಗೆದ್ದವರಂತೆ ನಿಂತಿದ್ದರು.

ಟ್ಯಾಂಕಿನೊಳಗಿನ ತುಕ್ಕು ತೆಗೆಯಲು ಪೇಟೆಯಲ್ಲಿ ಸಿಗುವ ದ್ರಾವಣ ದುಬಾರಿ. ಟೀಚರ್ ವಾಟೆಹುಳಿ ಬೇಯಿಸಿದ ನೀರಿಗೆ ಹುಣಸೆಹಣ್ಣು ಕಿವುಚಿ ತುಂಬಿಸಿದರು. ನೆನೆದ ಮೇಲೆ ಹೊಳೆಯ ಸಣ್ಣ ಕಲ್ಲು ಹಾಕಿ, ನಾನೊಂದು ಕಡೆ, ಅವರೊಂದು ಕಡೆ ಹಿಡಿದು ಅಲ್ಲಾಡಿಸಿದೆವು. ಒಳಗಿನಿಂದ ಕೆಂಪು ಕಷಾಯದಂಥ ನೀರು ಬಂತು. ‘ಅವ್ರ ಅಹಂಕಾರ ನೋಡಿ, ಹೆಂಗೆ ಇಳೀತಿದೆ’ ಎಂದರು ಟೀಚರ್. ಬೀಗದ ಹಾಗೆ ಬಿಗಿದಿದ್ದ ಒಂದೊಂದು ನಟ್ಟಿನ ಜೊತೆಗೂ ಅವರಿಗೊಂದು ನೆನಪು ಸಡಿಲವಾಗುತ್ತಿತ್ತು. ಚಕ್ರದ ಕಡ್ಡಿ ಉಜ್ಜುವಾಗ ಅತ್ತೆ ಹೇಳಿದ ಮಾತು ಬರುತ್ತಿತ್ತು, ಬ್ರೇಕಿನ ಬೂದಿ ಝಾಡಿಸುವಾಗ ಅವನು ಮಗಳ ಶಾಲೆ ಫೀಜಿಗೆ ದುಡ್ಡಿಲ್ಲವೆಂದು ಕೈಯೆತ್ತಿದ್ದು ಬರುತ್ತಿತ್ತು. ಅವರ ಅಂಗೈ ಸೀಳಿ ಕಪ್ಪಾಗಿ, ಎಷ್ಟು ಸೀಗೆಪುಡಿ ಹಾಕಿದರೂ ಆಯಿಲ್ಲಿನ ವಾಸನೆ ಹೋಗುತ್ತಿರಲಿಲ್ಲ. ಅಂಗನವಾಡಿಯ ಮಕ್ಕಳು ‘ಟೀಚರ್ ಬಸ್ಸಿನ ಪರಿಮಳ’ ಎನ್ನುತ್ತಿದ್ದವಂತೆ.

ಕೆಲವು ಭಾಗ ಮೆಕ್ಯಾನಿಕ್ ಹಳೇ ಗಾಡಿಗಳಿಂದ ಕಿತ್ತು ಕೊಟ್ಟರು. ಸೀಟಿನ ಹೊದಿಕೆಗೆ ಬಸ್ಸಿನ ಸೀಟು ಹೊಲಿಯುವವನಿಂದ ಉಳಿದ ರೆಕ್ಸಿನ್ ತುಂಡು ಬೇಡಿ ತಂದು ಕೈಯಲ್ಲೇ ಹೊಲಿದರು. ಇಲಿ ಕಡಿದಿದ್ದ ವೈರನ್ನು ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಜೋಡಿಸಿದರು. ವಿಡಿಯೊದವನು ಹಿಂದಿಯಲ್ಲಿ ಮಾತಾಡುತ್ತಿದ್ದ. ಇವರಿಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧಕ್ಕೆ ಅವನಿಗೆ ಕನ್ನಡದಲ್ಲಿ ಬೈಯುತ್ತಿದ್ದರು.

ಗಾಡಿ ಮೊದಲ ಸಲ ಶುರುವಾದ ದಿನವನ್ನು ನಾನು ಮರೆಯುವುದಿಲ್ಲ. ಕಿಕ್ ಕೋಲು ಎರಡು ಸಲ ತಿರುಗಿ ಹೊಡೆದು ಟೀಚರ ಮೊಣಕಾಲ ಕೆಳಗೆ ಬಾತುಹೋಗಿತ್ತು. ಅದರ ಮುಂದಿನ ಹೊಡೆತಕ್ಕೆ ಕೆಮ್ಮಿ, ಅಂಗಳದ ತುಂಬ ನೀಲಿ ಹೊಗೆ ಕಾರಿ, ಅದು ‘ಢಬ್ ಢಬ್ ಢಬ್’ ಎಂದಿತು. ಬೀದಿಯವರೆಲ್ಲ ಬಂದರು. ಟೀಚರ್ ಸ್ಮಿತಾಳಿಗೆ ಫೋನ್ ಹಚ್ಚಿ ಅದನ್ನು ಸೈಲೆನ್ಸರ್ ಹತ್ತಿರ ಹಿಡಿದರು. ಅಷ್ಟರಲ್ಲಿ ಸದ್ದು ಕರ್ಕಶವಾಗಿ, ಕಿರ್ರೆಂದು ಎಳೆದು, ನಿಂತುಹೋಯಿತು.

ಅದು ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕಾದ ಗಾಡಿ. ಸಂಭ್ರಮದಲ್ಲಿ ಟೀಚರ್ ಬೆರೆಸುವುದನ್ನೇ ಮರೆತಿದ್ದರು. ಪಿಸ್ಟನ್ ಮತ್ತೆ ಕಚ್ಚಿತ್ತು. ಈ ಸಲ ಸಿಲಿಂಡರೇ ಕೆರೆದುಹೋಗಿತ್ತು. ಮೆಕ್ಯಾನಿಕ್ ಬಿಚ್ಚಿ ನೋಡಿ, ‘ಇನ್ನಿದು ಆಗಲ್ಲ ಟೀಚರ್’ ಎಂದು ಕೈ ಒರೆಸಿಕೊಂಡರು. ಕೂಡಿಟ್ಟದ್ದೆಲ್ಲ ಅದರೊಳಗೇ ಹೋಗಿತ್ತು. ಟೀಚರ್ ಮೆಟ್ಟಿಲ ಮೇಲೆ ಕೂತರು. ಸ್ಮಿತಾ ಫೋನ್ ಮಾಡಿ, ‘ಅಮ್ಮ, ಬಿಡು ಸಾಕು’ ಅಂದಳು. ನನಗೂ ನೋಡಲಾಗಲಿಲ್ಲ. ‘ಹೌದು ಟೀಚರ್, ಬಿಟ್ಬಿಡಿ. ಆ ಮನುಷ್ಯನಿಗೋಸ್ಕರ ಎಷ್ಟು ಭಾನುವಾರ ಹಾಳು ಮಾಡ್ಕೋತೀರಿ?’ ಎಂದೆ.

ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಮರುದಿನದಿಂದ ಗೋಡೆಯ ಮೇಲೆ ಬರುತ್ತಿದ್ದ ಕೊತ್ತಂಬರಿ, ಕರಿಬೇವು ನಿಂತವು. ನಾನು ಚಹಾಕ್ಕೆ ಕರೆದರೆ ‘ಈಗಷ್ಟೇ ಆತು’ ಎನ್ನುತ್ತಿದ್ದರು. ಆ ಪಂಚಾಯ್ತಿ ಸದಸ್ಯನ ಸಾಲಿಗೆ ನಾನೂ ಸೇರಿದೆ ಎಂದು ಗೊತ್ತಾಯಿತು. ನನಗೂ ಸಿಟ್ಟು ಬಂತು. ಆ ಮಳೆಗಾಲವೆಲ್ಲ ಹಾಗೇ ಹೋಯಿತು.

ಅಷ್ಟರಲ್ಲಿ ಅವರು ಸುಮ್ಮನಿರಲಿಲ್ಲ. ತೀರ್ಥಹಳ್ಳಿಯಲ್ಲಿ ಯಾರದೋ ಹಿತ್ತಿಲಲ್ಲಿ ಅದೇ ಜಾತಿಯ ಸತ್ತ ಗಾಡಿಯೊಂದು ಇದೆ ಎಂದು ತಿಳಿದು, ಬಸ್ಸಿನಲ್ಲಿ ಹೋಗಿ ಅದರ ಸಿಲಿಂಡರು, ಟ್ಯಾಂಕಿನಿಂದ ಪೆಟ್ರೋಲ್ ಬಿಡುವ, ನಿಲ್ಲಿಸುವ ಕಾಕ್ ಬಿಚ್ಚಿಸಿ, ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಪಕ್ಕದಲ್ಲಿ ಕೂತಿದ್ದವಳು ‘ಎಷ್ಟು ತಿಂಗಳ ಕೂಸು?’ ಎಂದು ಕೇಳಿದಳಂತೆ. ಅದನ್ನು ಅವರು ನನಗೆ ಹೇಳಿದ್ದು ಬಹಳ ದಿನದ ನಂತರ.

ಮಳೆ ನಿಂತ ಮೇಲೆ ಒಂದು ಸಂಜೆ ಗೋಡೆಯ ಮೇಲೆ ಅವರ ತಲೆ ಕಂಡಿತು. ‘ನಿಮ್ಮ ಗೇಟಿಗೆ ಹೊಡ್ದ ನೀಲಿ ಪೇಂಟ್ ಉಳ್ದಿದ್ಯಾ?’

‘ಸಿಟ್ಟು ಹೋಯ್ತಾ ಟೀಚರ್?’

‘ಇಲ್ಲ. ಪೇಂಟ್ ಬೇಕು.’

ಪೇಂಟ್ ಕೊಟ್ಟೆ. ‘ಮೊದಲಿನ ಹಾಗೆ ಮೆರೂನೇ ಹೊಡೀಬಹುದಿತ್ತಲ್ಲ?’ ಎಂದೆ. ಅವರ ಮುಖ ಅರಳಿತು. ‘ನೀಲಿ ಕಂಡ್ರೆ ಅವ್ರಿಗೆ ಆಗ್ತಿರಲಿಲ್ಲ. ನನ್ನ ನೀಲಿ ಸೀರೆನೆಲ್ಲ ಅವ್ರ ತಂಗಿಗೆ ಕೊಡ್ಸಿದ್ರು.’

ಹೀಗೆ ಆ ಗಾಡಿ ನನ್ನ ಗೇಟಿನ ಬಣ್ಣದ್ದಾಯಿತು. ಟೀಚರ್ ಮಗಳ ಹಳೇ ಚೂಡಿದಾರ್ ತೊಟ್ಟು, ಹೈಸ್ಕೂಲ್ ಮೈದಾನದಲ್ಲಿ ಬಿದ್ದು ಎದ್ದು ಕಲಿತು, ಲೈಸೆನ್ಸ್ ಪಡೆದರು. ಸತ್ತುಹೋಗಿದ್ದ ಅಪ್ಪನ ಹೆಸರಿನಿಂದ ಗಾಡಿಯನ್ನು ಒಡಹುಟ್ಟಿದವರ ಒಪ್ಪಿಗೆಯೊಂದಿಗೆ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಆದರೆ ಒಂದು ವಿಷಯ ನನಗೆ ಅರ್ಥವಾಗುತ್ತಿರಲಿಲ್ಲ. ಚೆನ್ನಾಗಿ ಓಡುತ್ತಿದ್ದ ಗಾಡಿ ಆಗಾಗ ರಸ್ತೆ ಮಧ್ಯೆ ಕೆಮ್ಮಿ ನಿಂತುಬಿಡುತ್ತಿತ್ತು. ಒಮ್ಮೆ ಆಸ್ಪತ್ರೆ ಮುಂದೆ, ಇನ್ನೊಮ್ಮೆ ಅದಕ್ಕೂ ತುಸು ಮುಂದೆ. ಟೀಚರ್ ಇಳಿದು ಹಿಂದಕ್ಕೆ ನೋಡಿ, ಏನೋ ಲೆಕ್ಕ ಹಾಕಿ, ಮತ್ತೆ ಶುರು ಮಾಡುತ್ತಿದ್ದರು. ‘ಮೆಕ್ಯಾನಿಕ್‌ಗೆ ತೋರಿಸಿ’ ಅಂದರೆ, ‘ಬೇಡ, ಸರಿ ಇದೆ’ ಎನ್ನುತ್ತಿದ್ದರು.

ರಿಜಿಸ್ಟ್ರೇಷನ್ ಹೊಸದು ಮಾಡಿಸಲು ಗಾಡಿಯನ್ನು ಸಾಗರದ ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕಿತ್ತು. ನನ್ನನ್ನೂ ಬನ್ನಿ ಎಂದು ಕರೆದರು. ಬಟ್ಟೆಮಲ್ಲಪ್ಪದ ಮೇಲೆ ಹೋಗುವ ದಾರಿಯುದ್ದಕ್ಕೂ ನಾನು ಕಣ್ಣು ಮುಚ್ಚಿ ಅವರ ಸೊಂಟ ತಬ್ಬಿಕೊಂಡಿದ್ದೆ. ಕಚೇರಿಯ ಕೆಲಸ ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ‘ಇನ್ನು ನನ್ ಕೆಲ್ಸ’ ಎಂದು ಟೀಚರ್ ಪೇಟೆಯ ಕಡೆ ತಿರುಗಿಸಿದರು.

ಜಯಂತಿ ಎಂಬ ಆ ಇನ್ನೊಬ್ಬ ಹೆಂಗಸು ಪೇಟೆ ಬೀದಿಯಲ್ಲಿ ಬಳೆ, ಕ್ಲಿಪ್ಪು, ಟೇಪು ಮಾರುವ ಫ್ಯಾನ್ಸಿ ಸ್ಟೋರ್ ಇಟ್ಟಿದ್ದಳು. ಅವನು ಏಜೆಂಟ್ ಕೆಲಸ ಬಿಟ್ಟು ಅಲ್ಲೇ ಕೂರುತ್ತಿದ್ದ. ಬೀದಿಯ ತಿರುವಿನಲ್ಲಿ ಟೀಚರ ಎಡಗೈ ಮೊಣಕಾಲ ಬಳಿ ಒಮ್ಮೆ ಇಳಿದು ಮೇಲೆ ಬಂದದ್ದು ಕಂಡಿತು. ತುರಿಕೆ ಇರಬೇಕು ಅಂದುಕೊಂಡೆ. ಅಷ್ಟು ದೂರ ಗರ್ಜಿಸುತ್ತ ಬಂದ ಗಾಡಿ ಸರಿಯಾಗಿ ಫ್ಯಾನ್ಸಿ ಸ್ಟೋರಿನ ಮುಂದೆ ಕೆಮ್ಮಿತು, ನಡುಗಿತು, ನಿಂತೇಹೋಯಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸದ್ದಿಗೇ ಅವನು ಹೊರಗೆ ಬಂದಿದ್ದ. ಕೂದಲಿಗೆ ಬಣ್ಣ ಹಚ್ಚಿದ್ದ, ಹೊಟ್ಟೆ ಬಂದಿತ್ತು. ಗಾಡಿ ನೋಡಿದ, ಟೀಚರನ್ನು ನೋಡಿದ. ಬಾಯಿ ತೆರೆದದ್ದು ಮುಚ್ಚಲಿಲ್ಲ. ಗಾಡಿ ನಿಂತದ್ದು ಗೊತ್ತಾದ ಮೇಲೆ ಮಾತ್ರ ಮುಖಕ್ಕೆ ಹಳೇ ನಗು ಬಂತು.

‘ನಾನು ಹೇಳಿರ್ಲಿಲ್ವಾ, ಓಡಲ್ಲ ಅಂತ? ಅಯ್ಯೋ, ನೀಲಿ ಬೇರೆ ಬಳ್ದಿದಾಳೆ!’

‘ಎಂತ ಆತು ಅಂತ ಗೊತ್ತಾಗ್ತಿಲ್ಲ. ನೀವು ಒಂದು ಸಲ ನೋಡ್ತೀರಾ?’ ಎಂದರು ಟೀಚರ್. ಅಷ್ಟು ಮೆತ್ತಗಿನ ದನಿಯನ್ನು ನಾನು ಅವರಿಂದ ಕೇಳಿಯೇ ಇರಲಿಲ್ಲ.

ಅಕ್ಕಪಕ್ಕದ ಅಂಗಡಿಯವರು ಹೊರಗೆ ಬಂದಿದ್ದರು. ಅವನು ತೋಳು ಮಡಚಿಕೊಂಡ. ಟ್ಯಾಂಕ್ ಅಲ್ಲಾಡಿಸಿ ಪೆಟ್ರೋಲ್ ಇದೆ ಎಂದ. ಬಗ್ಗಿ ಕಾಕ್ ನೋಡಿ ಅದೂ ಸರಿ ಇದೆ ಎಂದ. ‘ಇದಕ್ಕೆ ಕೈ ಗುಣ ಬೇಕು’ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕಿಕ್ ಹೊಡೆದ. ಶುರುವಾಗಲಿಲ್ಲ. ಮತ್ತೆ ಹೊಡೆದ. ಹೊಡೆದ, ಹೊಡೆದ, ಹೊಡೆದ. ಅಂಗಿ ಬೆನ್ನಿಗೆ ಅಂಟಿತು. ಬೆವರಿನ ಜೊತೆ ಕೂದಲಿನ ಬಣ್ಣ ಕಿವಿಯ ಪಕ್ಕ ಕಪ್ಪಗೆ ಇಳಿಯಿತು. ಎದುರಿನ ಚಪ್ಪಲಿ ಅಂಗಡಿಯವನು, ‘ಸಾಕು ಮಾರಾಯ್ರೆ, ಎದೆಗಿದೆ ನಿಂತೀತು’ ಎಂದ. ಕೊನೆಗೆ ಅವನು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು ಏದುಸಿರು ಬಿಡತೊಡಗಿದ.

ಆಗ ಟೀಚರ್ ಬಗ್ಗಿ ಕಾಕನ್ನು ಅಡ್ಡಕ್ಕೆ ತಿರುಗಿಸಿದರು. ತುಸು ತಡೆದರು. ಒಂದೇ ಕಿಕ್ಕು. ಗಾಡಿ ಎರಡೂ ಸೈಲೆನ್ಸರಿನಿಂದ ಬೀದಿ ತುಂಬ ಹೊಗೆ ಬಿಟ್ಟು ಗುಡುಗಿತು.

ಹಳೇ ಕಾಕನ್ನು ಕೆಳಮುಖ ಮಾಡಿದರೆ ಪೆಟ್ರೋಲ್ ಬರುತ್ತಿತ್ತು. ತೀರ್ಥಹಳ್ಳಿಯಿಂದ ತಂದದ್ದು ಬೇರೆ ತರದ್ದು. ಕೆಳಮುಖ ಮಾಡಿದರೆ ಬಂದ್. ಅವನು ನೋಡಿದ್ದು ತನ್ನ ಕಾಲದ ಗುರುತನ್ನು. ಕಾಕ್ ಮುಚ್ಚಿದ ಮೇಲೆ ಒಳಗೆ ಉಳಿದ ಪೆಟ್ರೋಲಿನಲ್ಲಿ ಗಾಡಿ ಎಷ್ಟು ದೂರ ಓಡಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಟೀಚರ್ ಹೊಸನಗರದ ರಸ್ತೆಯಲ್ಲಿ ವಾರಗಟ್ಟಲೆ ನೋಡಿ ಇಟ್ಟುಕೊಂಡಿದ್ದರು.

‘ಪೆಟ್ರೋಲ್ ಬಿಡ್ದೆ ಗಾಡಿ ಹೆಂಗೆ ಶುರುವಾಗ್ತದೆ ಮಾರಾಯ? ಇಷ್ಟೂ ಗೊತ್ತಾಗಲ್ವಾ ನಿಂಗೆ?’ ಎಂದರು ಟೀಚರ್.

ನಿಂಗೆ. ಇಡೀ ಪೇಟೆಯ ಮುಂದೆ. ಅವನು ಕಪಾಳಕ್ಕೆ ಹೊಡೆದಂತೆ ತಲೆ ಎತ್ತಿದ. ಅಷ್ಟರಲ್ಲಿ ಅಂಗಡಿಯೊಳಗಿಂದ ಒಂದು ನಗು ಕೇಳಿಸಿತು. ತಡೆದೂ ತಡೆಯಲಾಗದೆ ಹೊರಬಿದ್ದ ಹೆಂಗಸಿನ ನಗು. ಬಳೆಯ ಸ್ಟ್ಯಾಂಡಿನ ಹಿಂದೆ ಜಯಂತಿ ನಿಂತಿದ್ದಳು.

ವಾಪಸ್ ಬರುವಾಗ ನಾನು ಟೀಚರ ಕಿವಿಯ ಹತ್ತಿರ ಕೂಗಿ ಕೇಳಿದೆ: ‘ಈಗಾದ್ರೂ ಸಮಾಧಾನ ಆಯ್ತಾ?’

‘ಇಲ್ಲ’ ಎಂದರು. ‘ಇನ್ನೊಂದ್ಸಲ ಬರ್ಬೇಕು.’

ಅವರು ಹೇಳಿದಂತೆಯೇ ಮಾಡಿದರು. ಬಿಡುವು ಸಿಕ್ಕಿದ ಭಾನುವಾರ ಸಾಗರಕ್ಕೆ ಹೋಗಿ ಆ ಬೀದಿಯಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿ ಬರುತ್ತಿದ್ದರು. ನಿಲ್ಲಿಸುತ್ತಿರಲಿಲ್ಲ. ಒಮ್ಮೊಮ್ಮೆ ನಾನೂ ಹಿಂದೆ ಕೂರುತ್ತಿದ್ದೆ. ಸತ್ಯ ಹೇಳಬೇಕೆಂದರೆ, ಅವನ ಮುಖ ನೋಡುವ ಚಪಲ ನನಗೂ ಹತ್ತಿತ್ತು. ಅಂಥ ಒಂದು ದಿನ ಜಯಂತಿ ಅಂಗಡಿಯಿಂದ ಇಳಿದು ಬಂದು ರಸ್ತೆಗೆ ಅಡ್ಡ ನಿಂತಳು. ಟೀಚರ್ ಬ್ರೇಕ್ ಹಾಕಿದರು. ಜಗಳವೇ ಆಗುತ್ತದೆ ಎಂದು ನಾನು ಇಳಿದು ಸಿದ್ಧಳಾದೆ.

‘ಅಕ್ಕ, ಒಂದ್ ನಿಮಿಷ’ ಅಂದಳು ಜಯಂತಿ. ‘ನಂಗೂ ಗಾಡಿ ಕಲಿಸ್ತೀರಾ?’

ಟೀಚರ್ ಗಾಡಿಯ ಸದ್ದು ತಗ್ಗಿಸಿದರು.

‘ಸ್ಕೂಟಿ ತೆಗ್ದಿದೀನಿ, ನನ್ ದುಡ್ಡಲ್ಲೇ. ಕೀ ಇವ್ರ ಜೇಬಲ್ಲೇ ಇರ್ತದೆ. ನೀನು ಓಡಿಸಿದ್ರೆ ಯಾರಿಗಾದ್ರೂ ಗುದ್ದಿ ಬರ್ತೀಯ ಅಂತಾರೆ. ಮಾಲು ತರೋಕೂ ಇವ್ರ ಕೈ ಕಾಲು ಹಿಡೀಬೇಕು.’

ಟೀಚರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ‘ನೋಡು, ನೀನು ಮಾಡಿದ್ದು ನಾನು ಮರ್ತಿಲ್ಲ.’

‘ಮರೀಬೇಡಿ’ ಅಂದಳು ಜಯಂತಿ. ‘ಕಲ್ಸಿ, ಸಾಕು.’

ಬೀದಿಯಲ್ಲಿ ಬಿಸಿಲು ಸುಡುತ್ತಿತ್ತು. ಅಂಗಡಿಯೊಳಗಿಂದ ಅವನು ‘ಏಯ್, ಒಳಗೆ ಬಾ’ ಎಂದು ಕೂಗಿದ. ಇಬ್ಬರೂ ಆ ಕಡೆ ತಿರುಗಿ ನೋಡಿದರು. ಟೀಚರ್ ನನ್ನ ಕಡೆ ತಿರುಗಿ, ‘ನೀವು ಇಲ್ಲೇ ನೆರಳಲ್ಲಿ ಕೂತಿರಿ’ ಎಂದರು. ಜಯಂತಿ ಸೀರೆ ಎತ್ತಿ ಸಿಕ್ಕಿಸಿಕೊಂಡು, ಎರಡೂ ಕಡೆ ಕಾಲು ಹಾಕಿ ಹಿಂದೆ ಕೂತಳು.

ಅಂಗಡಿಯ ಹಿಂಭಾಗದಲ್ಲೇ ಒಂದು ಬಯಲಿತ್ತು. ನಾನು ಫ್ಯಾನ್ಸಿ ಸ್ಟೋರಿನ ಮೆಟ್ಟಿಲ ಮೇಲೆ ಕೂತೆ. ಕಾಲೇಜು ಹುಡುಗಿಯರು ಮೂರ್ನಾಲ್ಕು ಜನ ಬಂದು ಬಳೆ ತೋರಿಸಿ ಎಂದರು. ಅವನಿಗೆ ಯಾವ ಅಳತೆ ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ಡಬ್ಬಿ ಮೇಲೆ ಡಬ್ಬಿ ಬೀಳಿಸುತ್ತಿದ್ದ. ಗೋಡೆಯ ಹಿಂದಿನಿಂದ ಗಾಡಿಯ ಸದ್ದು ಹತ್ತಿರ ಬಂದು, ದೂರ ಹೋಗಿ, ಮತ್ತೆ ಹತ್ತಿರ ಬರುತ್ತಿತ್ತು. ನಡುವೆ ಒಮ್ಮೆ ಬಿದ್ದ ಸದ್ದು, ಅದರ ಬೆನ್ನಿಗೆ ಇಬ್ಬರೂ ನಕ್ಕ ಸದ್ದು. ಅವನು ಎದ್ದು ಹಿಂದಿನ ಕಿಟಕಿ ಮುಚ್ಚಿದ.

ಟೀಚರಿಗೆ ಅದು ಹೇಗೆ ಗೊತ್ತಾಯಿತೋ ತಿಳಿಯದು. ಗಾಡಿ ಆ ಕಿಟಕಿಯ ಕೆಳಗೇ ಬಂದು ನಿಂತಿತು. ‘ಎರಡನೇ ಗೇರ್ ಹಾಕ್ಲಾ ಅಕ್ಕ?’ ಎಂದು ಜಯಂತಿ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

‘ಬೇಡ’ ಎಂದರು ಟೀಚರ್. ‘ಒಂದ್ರಲ್ಲೇ ಇರ್ಲಿ, ಸದ್ದು ಜಾಸ್ತಿ. ಎಕ್ಸಲೇಟರ್ ಚೆನ್ನಾಗಿ ತಿರುವು.’